ಫೋನಿನ ಕಿವಿಗೆ ತಂಬೂರಿಯೂ ಒಂದೇ, ಫ್ಯಾನೂ ಒಂದೇ

ಪ್ರಶ್ನೆ: ಸಂಗೀತ ಸ್ಪರ್ಧೆಯೊಂದರ ಮೊದಲ ಸುತ್ತಿಗೆ ಐದು ನಿಮಿಷದ ಹಾಡಿನ ವಿಡಿಯೊ ಕಳಿಸಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ, ತಾರಸ್ಥಾಯಿಗೆ ಏರಿದಾಗ ದನಿ ಹಿಂದೆ ಸರಿದಂತಿದೆ. ನಾನು ಉಸಿರಿಗೆಂದು ನಿಲ್ಲಿಸಿದಾಗ ಶ್ರುತಿ ಉಬ್ಬುತ್ತದೆ, ಕೆಲವೆಡೆ ಕೇಳಿಸುವುದೇ ಇಲ್ಲ. ತಪ್ಪು ನನ್ನ ಹಾಡಿನದೇ? ದುಬಾರಿ ಮೈಕ್ ಕೊಳ್ಳಬೇಕೇ?

ಉತ್ತರ: ನಿಮ್ಮ ಹಾಡಿನ ಬಗ್ಗೆ ಕೇಳದೆ ಏನೂ ಹೇಳಲಾರೆ, ಆದರೆ ಈ ಮೂರೂ ಲಕ್ಷಣ ಫೋನಿನವು. ಫೋನನ್ನು ಮಾಡಿರುವುದೇ ಮಾತಿಗೆ. ಮಾತಾಡುವವರು ದೂರ ಹೋದರೂ, ಪಿಸುಗುಟ್ಟಿದರೂ ಆಚೆಯವರಿಗೆ ಒಂದೇ ಮಟ್ಟದಲ್ಲಿ ಕೇಳಲಿ ಎಂದು ಅದು ಸದ್ದಿನ ಪ್ರಮಾಣವನ್ನು ತಾನಾಗಿಯೇ ಏರಿಸಿ ಇಳಿಸುತ್ತಿರುತ್ತದೆ. ನೀವು ಮೇಲಿನ ಷಡ್ಜಕ್ಕೆ ದನಿ ತುಂಬಿ ನಿಂತಾಗ ‘ಅಬ್ಬಾ, ಜೋರಾಯಿತು’ ಎಂದು ಒತ್ತಿ ಹಿಡಿಯುತ್ತದೆ. ಸುಮ್ಮನಾದರೆ ಶ್ರುತಿಯನ್ನೇ ಎತ್ತಿ ಕೊಡುತ್ತದೆ. ಇನ್ನು ಸದ್ದು ತಗ್ಗಿಸುವ ವ್ಯವಸ್ಥೆಯದು ಬೇರೆಯೇ ಕಥೆ. ಏರಿಳಿತವಿಲ್ಲದೆ ಒಂದೇ ಸಮನೆ ಬರುವುದೆಲ್ಲ ಅದರ ಲೆಕ್ಕದಲ್ಲಿ ಗದ್ದಲ. ಹಾಗಾಗಿ ಫ್ಯಾನಿನ ಜೊತೆ ತಂಬೂರಿಯನ್ನೂ ಅಳಿಸಿಬಿಡುತ್ತದೆ. ಸಣ್ಣದಾಗಿ ಎಳೆದು ಬಿಟ್ಟ ಸ್ವರದ ಕೊನೆಯ ಎಳೆಯೂ ಕೆಲವೊಮ್ಮೆ ಇದರ ಬಾಯಿಗೆ ಬೀಳುತ್ತದೆ.

ಮೊದಲು ಕ್ಯಾಮೆರಾ ಸೆಟ್ಟಿಂಗ್ ತೆರೆದು, ಗಾಳಿ ಸದ್ದು ತಗ್ಗಿಸುವುದು, ಆಡಿಯೊ ಜೂಮ್ (ಚಿತ್ರ ಹಿಗ್ಗಿಸಿದಾಗ ಆ ಕಡೆಯ ಸದ್ದನ್ನೂ ಹಿಗ್ಗಿಸುವುದು) ಮುಂತಾದ ‘ಸಹಾಯ’ಗಳಿದ್ದರೆ ಎಲ್ಲ ಆಫ್ ಮಾಡಿ. ಕೆಲವು ಫೋನುಗಳ ಪ್ರೊ ವಿಡಿಯೊ ಮೋಡಿನಲ್ಲಿ ಮೈಕಿನ ಮಟ್ಟವನ್ನು ಕೈಯಾರೆ ಇಡಬಹುದು. ಆ ಸೌಲಭ್ಯವಿದ್ದರೆ ಹಾಡಿನಲ್ಲೇ ಅತಿ ಜೋರಾದ ಸಾಲನ್ನು ಹಾಡಿ, ಮೀಟರು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಮುಟ್ಟುವಂತೆ ನೋಡಿಕೊಳ್ಳಿ. ಸೊನ್ನೆ ದಾಟಿದ ಸದ್ದು ಒಡೆಯುತ್ತದೆ, ಒಡೆದದ್ದನ್ನು ಮತ್ತೆ ಕೂಡಿಸಲಾಗದು. ಮೆಲ್ಲಗಿದ್ದರೆ ಆಮೇಲೆ ಏರಿಸಿಕೊಳ್ಳಬಹುದು.

ಮೈಕ್ ಕೊಳ್ಳುವ ಮುಂಚೆ ಎರಡು ಹೆಜ್ಜೆ ಹತ್ತಿರ ಬನ್ನಿ. ಇಡೀ ಮೈ ಕಾಣಲೆಂದು ಎಲ್ಲರೂ ಫೋನನ್ನು ಮೂರು ಮೀಟರ್ ಆಚೆ ಇಡುತ್ತಾರೆ. ದೂರ ಅರ್ಧವಾದರೆ ನಿಮ್ಮಿಂದ ನೇರ ಬರುವ ದನಿ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ, ಗೋಡೆಗೆ ಬಡಿದು ಬರುವ ಸದ್ದು ಮಾತ್ರ ಬಹುಪಾಲು ಇದ್ದಷ್ಟೇ ಇರುತ್ತದೆ. ‘ಬಾವಿಯೊಳಗೆ ಹಾಡಿದಂತಿದೆ’ ಎಂಬ ದೂರಿಗೆ ನಾನು ಮೊದಲು ಹೇಳುವ ಮದ್ದು ಇದು. ಎರಡನೆಯದು ಕೋಣೆ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ: ಅದರ ಬಾಲಕ್ಕೆ ‘ಟರ್ರ್’ ಎಂಬ ಕಂಪನ ಅಂಟಿಕೊಂಡಿದ್ದರೆ ಎದುರುಬದುರು ಗೋಡೆಗಳು ಸದ್ದನ್ನು ಚೆಂಡಿನಂತೆ ಎಸೆದಾಡುತ್ತಿವೆ ಎಂದರ್ಥ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡಿ, ಪರದೆ ಎಳೆಯಿರಿ, ಫೋನಿನ ಹಿಂದೆ ಒಂದು ಹಾಸಿಗೆ ಒರಗಿಸಿ, ಮತ್ತೆ ತಟ್ಟಿ. ಬಚ್ಚಲುಮನೆಯಲ್ಲಿ ಹಾಡಿದರೆ ಇಂಪು ಎಂಬ ಮೋಹ ಬೇಡ. ಅಲ್ಲಿನ ಗುಂಗು ಸಣ್ಣ ಸಂಗತಿಗಳನ್ನೆಲ್ಲ ಕಲಸಿಬಿಡುತ್ತದೆ, ತೀರ್ಪುಗಾರರು ಕಿವಿ ನೆಟ್ಟಿರುವುದು ಅವುಗಳ ಮೇಲೆಯೇ.

ಇನ್ನೊಂದು ಸಣ್ಣ ವಿಷಯ. ಒಬ್ಬ ಹುಡುಗನ ರೆಕಾರ್ಡಿಂಗ್ ಎಷ್ಟು ಸಲ ಮಾಡಿದರೂ ಹೊದ್ದುಕೊಂಡು ಹಾಡಿದಂತೆ ಮಂದವಾಗಿಯೇ ಬರುತ್ತಿತ್ತು. ಹೋಗಿ ನೋಡಿದರೆ ಸ್ಟ್ಯಾಂಡಿನ ರಬ್ಬರ್ ಹಿಡಿ ಸರಿಯಾಗಿ ಮೈಕಿನ ತೂತಿನ ಮೇಲೆ ಕೂತಿತ್ತು.

ಇಷ್ಟು ಮಾಡಿದ ಮೇಲೂ ಸಮಾಧಾನವಾಗದಿದ್ದರೆ ಇನ್ನೊಂದು ಫೋನನ್ನು ಚೌಕಟ್ಟಿಗೆ ಬೀಳದಂತೆ ಒಂದು ಮೀಟರ್ ದೂರದಲ್ಲಿಟ್ಟು ಸದ್ದನ್ನು ಮಾತ್ರ ಅದರಲ್ಲಿ ಹಿಡಿಯಬಹುದು. ಶುರುವಿಗೊಂದು, ಕೊನೆಗೊಂದು ಚಪ್ಪಾಳೆ ತಟ್ಟಿದರೆ ಚಿತ್ರಕ್ಕೂ ಸದ್ದಿಗೂ ಹೊಂದಿಸುವುದು ಸುಲಭ. ಕೊನೆಯದು ಯಾಕೆಂದರೆ, ಎರಡು ಸಾಧನಗಳ ಗಡಿಯಾರ ಸ್ವಲ್ಪ ಬೇರೆ ಇದ್ದರೂ ಐದನೇ ನಿಮಿಷಕ್ಕೆ ತುಟಿ ಒಂದು ಕಡೆ, ದನಿ ಒಂದು ಕಡೆ ಆಗಬಹುದು. ಆದರೆ ಸದ್ದನ್ನು ಬೇರೆಯಾಗಿ ಸೇರಿಸುವುದನ್ನು ಕೆಲವು ಸ್ಪರ್ಧೆಗಳು ಒಪ್ಪುವುದಿಲ್ಲ. ನಿಯಮಾವಳಿ ಓದಿಯೇ ಕೈಹಾಕಿ.

ಪ್ರಶ್ನೆ: ಇಪ್ಪತ್ತಮೂರು ಸಲ ನುಡಿಸಿದ್ದೇನೆ, ಪ್ರತಿಯೊಂದರಲ್ಲೂ ಒಂದು ತಪ್ಪು. ಚೆನ್ನಾಗಿರುವ ಭಾಗಗಳನ್ನು ಕತ್ತರಿಸಿ ಜೋಡಿಸಿದರೆ ಗೊತ್ತಾಗುತ್ತದೆಯೇ?

ಉತ್ತರ: ಗೊತ್ತಾಗುತ್ತದೆ. ಭುಜದ ಮೇಲಿನ ಬೆಳಕು ಜರುಗಿರುತ್ತದೆ, ಕೋಣೆಯ ಮೌನದ ಬಣ್ಣವೇ ಬದಲಾಗಿರುತ್ತದೆ. ಒಂದು ಕೃತಿಯ ನಡುವೆ ಕತ್ತರಿ ಹಾಕಬಾರದೆಂಬುದು ಹೆಚ್ಚಿನ ಸ್ಪರ್ಧೆಗಳ ನಿಯಮ. ಸಿಕ್ಕಿಬಿದ್ದರೆ ಸಣ್ಣ ಅಪಸ್ವರಕ್ಕಿಂತ ದೊಡ್ಡ ದಂಡ.

ನನ್ನ ಮಟ್ಟಿಗೆ ಇಪ್ಪತ್ತಮೂರು ಎಂಬುದೇ ತಪ್ಪು. ಒಂದು ದಿನಕ್ಕೆ ಮೂರು ಸಾಕು. ನಾಲ್ಕನೆಯದರಿಂದ ಮುಂದೆ ನೀವು ಸಂಗೀತ ನುಡಿಸುತ್ತಿರುವುದಿಲ್ಲ, ಹಿಂದಿನ ಸಲ ಎಡವಿದ ಜಾಗ ಬರುವುದನ್ನೇ ಕಾಯುತ್ತಿರುತ್ತೀರಿ. ಅದು ಮುಖದಲ್ಲೂ ಕಾಣುತ್ತದೆ. ಆಯ್ಕೆಯನ್ನು ಮರುದಿನಕ್ಕೆ ಬಿಡಿ. ಮೊದಲು ತೆರೆಯನ್ನು ಬೋರಲು ಹಾಕಿ ಬರೀ ಕೇಳಿ, ಆಮೇಲೆ ಸದ್ದು ಮುಚ್ಚಿ ಬರೀ ನೋಡಿ.

ಬರೀ ನೋಡುವುದು ಯಾಕೆ ಎಂದರೆ: 2013ರಲ್ಲಿ ಚಿಯಾ-ಜುಂಗ್ ತ್ಸಾಯ್ ಎಂಬ ಸಂಶೋಧಕಿ ಶಾಸ್ತ್ರೀಯ ಸಂಗೀತ ಸ್ಪರ್ಧೆಗಳ ಅಂತಿಮ ಸುತ್ತಿನ ತುಣುಕುಗಳನ್ನು ಕೆಲವರಿಗೆ ಬರೀ ಸದ್ದಾಗಿ, ಕೆಲವರಿಗೆ ಸದ್ದಿಲ್ಲದ ವಿಡಿಯೊ ಆಗಿ ಕೊಟ್ಟು ಗೆದ್ದವರು ಯಾರೆಂದು ಊಹಿಸಲು ಹೇಳಿದರು. ಹೆಚ್ಚು ಸರಿಯಾಗಿ ಹೇಳಿದವರು ಸದ್ದಿಲ್ಲದೆ ನೋಡಿದವರು. ಸಂಗೀತಗಾರರೂ ಇದಕ್ಕೆ ಹೊರತಾಗಲಿಲ್ಲ. ಆಕೆ ಸ್ವತಃ ಪಿಯಾನೊ ವಾದಕಿ, ಹಾಗಾಗಿ ಹೊಟ್ಟೆಕಿಚ್ಚಿನ ಸಂಶೋಧನೆ ಎಂದು ತಳ್ಳಿಹಾಕುವಂತಿಲ್ಲ. ಇದನ್ನು ಕೇಳಿ ನಾಟಕ ಶುರುಮಾಡಬೇಡಿ, ಮತ್ತೆ. ಸಮ ತೂಕದ ಎರಡು ಟೇಕುಗಳಿದ್ದರೆ, ಒಂದರಲ್ಲಿ ಸಣ್ಣ ಎಡವಟ್ಟಿದ್ದರೂ ಮೈಮರೆತು ನುಡಿಸಿದ್ದನ್ನೇ ಕಳಿಸಿ ಎನ್ನುವೆ, ಅಷ್ಟೇ.

ಪ್ರಶ್ನೆ: ಪಿಟೀಲು ನುಡಿಸುತ್ತೇನೆ. ಮುಖ ಕಾಣಬೇಕೋ, ಕೈಯೋ? ಕಳಿಸುವಾಗ ಎಚ್ಚರ ವಹಿಸಬೇಕಾದ್ದೇನು?

ಉತ್ತರ: ಎರಡೂ. ಕಮಾನು ತುದಿಯಿಂದ ತುದಿಗೆ ಎಳೆದಾಗಲೂ ಚೌಕಟ್ಟಿನಿಂದ ಹೊರಹೋಗಬಾರದು. ನುಡಿಸುವ ಮುಂಚೆ ಉದ್ದನೆಯ ಎಳೆತವೊಂದನ್ನು ಎಳೆದು ನೋಡಿಕೊಳ್ಳಿ. ಫೋನನ್ನು ಅಡ್ಡಲಾಗಿ, ಎದೆಯ ಎತ್ತರದಲ್ಲಿ, ಕದಲದಂತೆ ನಿಲ್ಲಿಸಿ. ಕಿಟಕಿ ಬೆನ್ನ ಹಿಂದಿದ್ದರೆ ನೀವು ನೆರಳಾಗುತ್ತೀರಿ, ಅದನ್ನು ಎದುರಿಗೆ ತಂದುಕೊಳ್ಳಿ. ಲೆನ್ಸ್ ಒರೆಸಿ. ಏರೋಪ್ಲೇನ್ ಮೋಡ್ ಹಾಕಿ. ಫೋನಿನಲ್ಲಿ ಜಾಗವಿದೆಯೇ ನೋಡಿ, 1080ಪಿ ವಿಡಿಯೊ ನಿಮಿಷಕ್ಕೆ ನೂರು ಎಂಬಿ ದಾಟಬಹುದು.

ಮೂಲ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊದಂತೆ ಕಳಿಸಿ, ಅಲ್ಲಿಂದ ಇಳಿಸಿ ಅಪ್‌ಲೋಡ್ ಮಾಡಬೇಡಿ. ಅದು ಕುಗ್ಗಿಸಿಬಿಡುತ್ತದೆ. ಯೂಟ್ಯೂಬ್ ಲಿಂಕ್ ಕೇಳಿದ್ದರೆ ‘ಅನ್‌ಲಿಸ್ಟೆಡ್’ ಆರಿಸಿ, ಲಿಂಕ್ ಇದ್ದವರೆಲ್ಲ ನೋಡಬಹುದು. ‘ಪ್ರೈವೇಟ್’ ಎಂದಿಟ್ಟರೆ ನಿಮಗೆ ಮಾತ್ರ ಚೆನ್ನಾಗಿ ಓಡುತ್ತದೆ, ತೀರ್ಪುಗಾರರಿಗೆ ತೆರೆಯುವುದೇ ಇಲ್ಲ. ನಾನೇ ಒಮ್ಮೆ ಹಾಗೆ ಕಳಿಸಿ, ಕೊನೆಯ ದಿನ ಕಳೆದ ಮೇಲೆ ತಿಳಿದು ಕೈ ಹಿಸುಕಿಕೊಂಡಿದ್ದೇನೆ. ಲಾಗಿನ್ ಆಗದ ಬ್ರೌಸರಿನಲ್ಲೋ ಬೇರೆಯವರ ಫೋನಿನಲ್ಲೋ ಲಿಂಕ್ ತೆರೆದು, ಮೊದಲಿಂದ ಕೊನೆಯವರೆಗೆ ಓಡಿಸಿ ನೋಡಿದ ಮೇಲೆಯೇ ಸಲ್ಲಿಸಿ. ಫಲಿತಾಂಶ ಬರುವ ತನಕ ಆ ವಿಡಿಯೊವನ್ನು ಅಳಿಸಬೇಡಿ, ಸೆಟ್ಟಿಂಗನ್ನೂ ಮುಟ್ಟಬೇಡಿ.