ಕಪ್ಪಿ ತೊಟ್ಟಿಗೆ ಬಲ್ಬ್ ಬ್ಯಾಡ್ರಿ ಅಕ್ಕಾರ

ಅಕ್ಕಾರ, ನೀವು ಹಾಕಿದ ಫೋಟೋ ನೋಡಿದೆ. ಎರಡಡಿ ಗಾಜಿನ ತೊಟ್ಟಿ, ಕೆಳಗ ಹೊಳಿ ಉಸುಕು, ಬಣ್ಣದ ಕಲ್ಲು, ಮ್ಯಾಲೆ ಕಾಯಿಸೋ ಬಲ್ಬು. ಮಕ್ಕಳು ಬಚ್ಚಲದಾಗಿಂದ ಹಿಡಕೊಂಡು ಬಂದ ಎರಡೂ ನೆಲಗಪ್ಪಿ ಮೂಲ್ಯಾಗ ಒಂದರ ಮ್ಯಾಲೊಂದು ಒತ್ತಿಕೊಂಡು ಕೂತಾವ. ನಾಲ್ಕು ದಿನದಿಂದ ಏನೂ ತಿಂದಿಲ್ಲ ಅಂತ ಬರದೀರಿ. ಮೊದಲು ಎದ್ದು ಆ ಬಲ್ಬ್ ಆರಿಸಿ ಬರ್ರಿ, ಉಳಿದದ್ದು ಆಮ್ಯಾಲೆ ಓದಿದ್ರೂ ನಡೀತೈತಿ.

ನೀವು ನೋಡಿ ಬಲ್ಬ್ ಹಾಕಿದ ಆ ವಿಡಿಯೋ ಚಳಿ ದೇಶದವರದು. ಅವರಿಗೆ ಕಪ್ಪಿ ಬೆಚ್ಚಗಿಡೋದು ಚಿಂತಿ. ರಾಯಚೂರಾಗ, ನಮ್ಮ ಬಳ್ಳಾರ್‍ಯಾಗ ಇರೋದು ಎರಡೇ ಕಾಲ, ಬ್ಯಾಸಿಗಿ ಮತ್ತ ಕಡು ಬ್ಯಾಸಿಗಿ. ಇಲ್ಲಿ ಕಪ್ಪಿ ಸಾಯೋದು ಕಾವಿಗೆ, ಮೈ ಒಣಗಿ. ಅದು ಬಾಯಿಲೆ ನೀರು ಕುಡಿಯಂಗಿಲ್ಲ. ಹೊಟ್ಟಿ ಕೆಳಗ, ತೊಡಿ ಸಂದಿನ ತೆಳ್ಳನ ಚರ್ಮದಿಂದ ಹೀರಿಕೊಳ್ತೈತಿ. ಒದ್ದಿ ನೆಲದ ಮ್ಯಾಲೆ ಕುಂತ್ರ ಅದಕ್ಕ ನೀರು ಕುಡದಂಗ. ಒಣ ಉಸುಕಿನ ಮ್ಯಾಲೆ ಬಲ್ಬ್ ಕೆಳಗ ಕೂಡಿಸಿದ್ರ ಕುಡಿಯೋದು ಎಲ್ಲಿಂದ, ಇದ್ದ ನೀರೂ ಹಾರಿ ಹೋಗ್ತೈತಿ.

ತೊಟ್ಟಿ ಎಲ್ಲಿಡ್ತೀರಿ ಅನ್ನೋದರ ಮ್ಯಾಲೆ ಅರ್ಧ ಕೆಲಸ ನಿಂತೈತಿ. ನಾನು ಮೊದಲ ವರ್ಷ ಕಿಟಕಿ ಪಕ್ಕ ಇಟ್ಟಿದ್ದೆ. ಮುಂಜಾನಿ ನೋಡಿದ್ರ ಚಲೋ ನೆರಳು. ಆದ್ರ ಆ ಕಿಟಕಿ ಪಡುವಣಕ್ಕ ಐತಿ ಅನ್ನೋದು ನನ್ನ ತಲ್ಯಾಗ ಬರಲೇ ಇಲ್ಲ. ಒಂದಿನ ಸಂತಿಗೆ ಹೋಗಿ ಸಂಜಿ ಐದಕ್ಕ ಬರೋದ್ರೊಳಗ ದೊಡ್ಡ ಹೆಣ್ಣು ಕಪ್ಪಿ ಸತ್ತು ಬಿದ್ದಿತ್ತು. ಗಾಜಿನ ತೊಟ್ಟಿಗೆ ನೇರ ಬಿಸಿಲು ಬಿದ್ರ ಒಲಿಗೂ ಅದಕ್ಕೂ ಫರಕಿಲ್ಲ. ನೆಲಮನಿಯ ನಡುವಿನ ಖೋಲಿ, ನೆಲದ ಮ್ಯಾಲೆ, ಗ್ವಾಡಿ ಬಾಜೂಕ ಇಡ್ರಿ. ಮಾಳಿಗಿ ಮ್ಯಾಲಿನ ಖೋಲಿ ಬ್ಯಾಡ. ನೀರಿನ ಕೂಲರ್ ಇರೋ ಖೋಲಿ ಆದ್ರ ಭೇಷ್, ತಂಪೂ ಇರ್ತೈತಿ ಹಸಿನೂ ಇರ್ತೈತಿ, ಗಾಳಿ ಮಾತ್ರ ನೇರ ತೊಟ್ಟಿಗೆ ಬಡೀಬಾರದು. ತೊಟ್ಟಿ ಒಳಗ ಒಂದು ಥರ್ಮಾಮೀಟರ್ ಹಾಕ್ರಿ. 22ರಿಂದ 28 ಡಿಗ್ರಿ ಇದ್ರ ಆರಾಮ. 32 ದಾಟಿದ್ರ ಫ್ರಿಜ್ಜಿನ್ಯಾಗ ಗಡ್ಡಿ ಕಟ್ಟಿದ ನೀರಿನ ಬಾಟ್ಲಿ ಬಟ್ಟ್ಯಾಗ ಸುತ್ತಿ ಗಾಜಿನ ಹೊರಗ ಒರಗಿಸಿ ಇಡ್ರಿ. ಕರೆಂಟ್ ಹೋದಾಗ ನಾನು ಮಾಡೋದು ಇದನ್ನ.

ಉಸುಕು, ಬಣ್ಣದ ಕಲ್ಲು ಎರಡೂ ತೆಗೀರಿ. ಹುಳ ಹಿಡಿಯೋವಾಗ ನಾಲಿಗಿಗೆ ಅಂಟಿ ಹೊಟ್ಟಿಗೆ ಹೋಗಿ ಕಟ್ಟಿಕೊಳ್ತಾವ. ನಿಮ್ಮ ಕಡೀದು ಎರಿ ಮಣ್ಣು ಅಂತ ಗೊತ್ತು, ಆದ್ರ ಬರೀ ಅದನ್ನ ಹಾಕಬ್ಯಾಡ್ರಿ. ಹಸಿ ಇದ್ದಾಗ ಮೇಣ, ಒಣಗಿದ್ರ ಇಟ್ಟಂಗಿ. ನೆಲಗಪ್ಪಿ ಹಿಂಗಾಲಿಲೆ ಕೆದರ್‍ಕೋತ ಹಿಂದಕ್ಕ ಇಳೀತೈತಿ, ಅದಕ್ಕ ಸಡಿಲ ನೆಲ ಬೇಕು. ಗೊಬ್ಬರ, ಔಷಧ ಬೀಳದ ಜಾಗದ ಕೆಂಪು ಮಣ್ಣು ಒಂದು ಪಾಲು, ನರ್ಸರ್‍ಯಾಗ ಸಿಗೋ ಕೋಕೋಪೀಟ್, ಅಂದ್ರ ತೆಂಗಿನ ನಾರಿನ ಪುಡಿ, ಎರಡು ಪಾಲು. ಕೋಕೋಪೀಟ್ ಎರಡು ಮೂರು ಸಲ ನೆನಸಿ ಹಿಂಡಿ ಉಪ್ಪು ಬಿಡಿಸ್ರಿ. ಎಲ್ಲಾ ಕೂಡಿಸಿ ನಾಲ್ಕೈದು ಇಂಚು ದಪ್ಪ. ಮುಷ್ಟ್ಯಾಗ ಹಿಡದ್ರ ಉಂಡಿ ಆಗಬೇಕು, ನೀರು ತೊಟ್ಟಿಕ್ಕಬಾರದು. ಮ್ಯಾಲೆ ಒಣಗಿದ ಮಾವಿನ ಎಲಿ ಹರಡ್ರಿ. ಬೇವು, ಹೊಂಗಿ ಕೈಗೆ ಸಿಗ್ತಾವ ಖರೆ, ಹುಳ ಓಡಿಸೋಕ ಬಳಸೋ ಗಿಡ ಅವು, ನಾನಂತೂ ಹಾಕಂಗಿಲ್ಲ.

ಅಡಗೋಕ ಒಡದ ಗಡಿಗಿ ಅರ್ಧ ಹೋಳು ಬೋರಲು ಹಾಕ್ರಿ, ಎರಡು ಕಪ್ಪಿಗೆ ಎರಡು. ಅಂಗಡ್ಯಾಗಿನ ಪ್ಲಾಸ್ಟಿಕ್ ಗುಹೆ ಐನೂರು ರೂಪಾಯಿ ಕೊಟ್ಟು ತರಬ್ಯಾಡ್ರಿ. ಮಣ್ಣಿನ ಹೋಳಿನ ಮ್ಯಾಲೆ ಮುಂಜಾನಿ ಸಂಜಿ ನೀರು ಚಿಮುಕಿಸಿದ್ರ ಒಳಗ ಹರವಿ ನೀರಿನಂಗ ತಂಪು. ಮ್ಯಾಲಿನ ಮುಚ್ಚಳ ಸೊಳ್ಳಿ ಜಾಳಗಿದು ಸಾಕು, ಮುಚ್ಚಳ ಇಲ್ಲದಿದ್ರ ಒಂದು ರಾತ್ರ್ಯಾಗ ನಿಮ್ಮ ಅಡಿಗಿಮನ್ಯಾಗ ಸಿಗ್ತಾವ.

ನೀರಿಗೆ ಅಗಲದ ಮಣ್ಣಿನ ತಟ್ಟಿ, ಒಂದು ಇಂಚು ಆಳ, ದಿನಾ ಬದಲಿ. ಯಾಕಂದ್ರ ಅದರಾಗ ಕುಂತು ಅದರಾಗೇ ಹೊಲಸೂ ಮಾಡ್ತಾವ, ಮತ್ತ ಅದೇ ನೀರು ಮೈಗೆ ಇಳೀತೈತಿ. ನಳದ ನೀರಿನ್ಯಾಗ ಕ್ಲೋರಿನ್ ಇರ್ತೈತಿ, ಬಾಯಿ ತೆರದ ಬಕೆಟ್‌ನ್ಯಾಗ ಒಂದು ದಿನ ಬಿಟ್ಟು ಹಾಕ್ರಿ. ಅವಸರ ಇದ್ರ ಮೀನಿನ ಅಂಗಡ್ಯಾಗ ಕ್ಲೋರಿನ್ ಕಡಿಯೋ ಹನಿ ಸಿಗ್ತಾವ. ಸವಳು ಬೋರ್ ನೀರು ಮಾತ್ರ ಬ್ಯಾಡವೇ ಬ್ಯಾಡ. ಮಳಿ ನೀರು ಹಿಡದಿಟ್ರ ಎಲ್ಲಕ್ಕಿಂತ ಚಲೋ, ಮೊದಲ ಹತ್ತು ನಿಮಿಷದ್ದು ಹರದು ಹೋಗಲಿ.

ಊಟ ಯಾಕ ಮಾಡವಲ್ವು ಅಂತ ಕೇಳಿದ್ರಿ. ಹೆದರ್‍ಯಾವ, ಕಾದಾವ, ಅಷ್ಟೇ ಅಲ್ಲ, ನೀವು ಹಾಕಿದ್ದು ಅನ್ನ ಮತ್ತ ಸತ್ತ ನೊಣ. ಅಲುಗಾಡದ್ದು ಅವಕ್ಕ ಊಟ ಅನ್ಸಂಗೇ ಇಲ್ಲ. ಜೀರುಂಡಿ, ಎರಿಹುಳ, ಗೆದ್ದಲ, ಈಗ ಮಳಿ ಬಿದ್ದ ಸಂಜಿ ದೀಪದ ಸುತ್ತ ಬರೋ ರೆಕ್ಕಿ ಗೆದ್ದಲ, ಎಲ್ಲಾ ನಡೀತಾವ. ಹುಳದ ಉದ್ದ ಕಪ್ಪಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ಬಾಳ ಹೆಚ್ಚಿರಬಾರದು. ದೊಡ್ಡ ಕಪ್ಪಿಗೆ ವಾರಕ್ಕ ಮೂರು ಸಲ, ಕತ್ತಲಾದ ಮ್ಯಾಲೆ. ಒಂದು ಮಾತು: ಹತ್ತಿ ಹೊಲ, ಮೆಣಸಿನಕಾಯಿ ಹೊಲ, ಕಾಲುವಿ ಭತ್ತದ ಗದ್ದಿ ಬದುವಿನ ಹುಳ ತರಬ್ಯಾಡ್ರಿ. ನಮ್ಮ ಕಡೆ ಎಷ್ಟು ಔಷಧ ಹೊಡೀತೀವಿ ಅನ್ನೋದು ನಮಗೇ ಗೊತ್ತಲ್ರಿ. ಮನ್ಯಾಗ ಜಿರಳೆಗೆ ಔಷಧ ಹೊಡದಿದ್ರ ಆ ಜಿರಳೀನೂ ಬ್ಯಾಡ.

ಮಕ್ಕಳು ಮುಟ್ಟಿದ್ರ ಹುರುಕು ಹತ್ತೈತಿ ಅನ್ನೋದು ಸುಳ್ಳು. ಆದ್ರ ಕಣ್ಣಿನ ಹಿಂದಿರೋ ಉಬ್ಬಿದ ಗ್ರಂಥಿಯೊಳಗ ವಿಷ ಇರೋದು ಖರೆ, ಅದೇ ಕೈ ಕಣ್ಣಿಗೆ, ಬಾಯಿಗೆ ಹೋಗಬಾರದು. ಮುಟ್ಟೋ ಮೊದಲು ಬರೀ ನೀರಿಲೆ ಕೈ ತೊಳೀರಿ, ಸಾಬೂನಿನ ಅಂಶ ಅವಕ್ಕ ಆಗಂಗಿಲ್ಲ. ಮುಟ್ಟಿದ ಮ್ಯಾಲೆ ಸಾಬೂನಿಲೆ. ನಾಯಿ ಇದ್ರ ತೊಟ್ಟಿ ಹತ್ರ ಬಿಡಬ್ಯಾಡ್ರಿ, ಕಚ್ಚಿದ್ರ ಬಾಯಾಗ ನೊರಿ ಬರ್ತೈತಿ.

ಇನ್ನ ನನ್ನ ಮನಸಿನ ಮಾತು. 1972ರ ವನ್ಯಜೀವಿ ಕಾಯ್ದೆ ಅಂತ ಒಂದೈತಿ, ಹೊರಗಿಂದ ಹಿಡದ ಪ್ರಾಣಿ ಬಾಳ ದಿನ ಇಟ್ಟುಕೊಳ್ಳೋ ಮೊದಲು ಅರಣ್ಯ ಇಲಾಖ್ಯಾಗ ಕೇಳ್ರಿ. ಈ ಎರಡನ್ನ ನಾನಾಗಿದ್ರ ಮಳಿಗಾಲ ಇರೋವಾಗಲೇ, ಸಿಕ್ಕ ಜಾಗದ ಹತ್ರಾನೇ ಒಂದು ಸಂಜಿ ಬಿಡ್ತಿದ್ದೆ. ಮಕ್ಕಳು ಅತ್ರ ಹಿತ್ತಲದಾಗ ನೀರಿನ ತಟ್ಟಿ, ಬೋರಲು ಗಡಿಗಿ ಹೋಳು ಇಡ್ರಿ, ತಾವಾಗೇ ಬಂದು ಕೂರ್ತಾವ, ನನ್ನ ಹಿತ್ತಲದಾಗ ಈಗ ಮೂರು ಅದಾವ.

ಗಂಡೋ ಹೆಣ್ಣೋ ಅಂತ ಮಗಳು ಕೇಳಿದ್ಲು ಅಂದ್ರಿ. ದೊಡ್ಡದು ಹೆಣ್ಣಿರಬಹುದು. ಸಣ್ಣದರ ಗಂಟಲು ಕಪ್ಪಗಾಗಿದ್ರ, ಬಗಲಿಗೆ ಕೈ ಹಾಕಿ ಮೆಲ್ಲಕ ಎತ್ತಿದಾಗ ಕ್ವಿಕ್ ಕ್ವಿಕ್ ಅಂತ ಬೈದ್ರ, ಗಂಡು ಅನ್ನಲಡ್ಡಿ ಇಲ್ಲ.