ದೊಡ್ಡ ಸರ, ಹಗುರ ಕೊರಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸರದ ಬಗ್ಗೆಯೇ. ಸಾದಾ ಸೀರೆ, ಕುರ್ತಾದ ಮೇಲೆ ಎದ್ದು ಕಾಣುವಂಥ ದೊಡ್ಡ ಸರ ಬೇಕು, ಅದನ್ನು ಮನೆಯಲ್ಲೇ ಮಾಡಿಕೊಳ್ಳಬೇಕು ಅಂತ ಕೇಳಿದ್ದೀರಿ. ಎಲ್ಲರೂ ಎದೆಯ ಮೇಲೆ ಏನು ಕಾಣಬೇಕು ಅಂತ ಚೆನ್ನಾಗಿ ಯೋಚಿಸಿದ್ದೀರಿ. ಕತ್ತಿನ ಹಿಂದೆ ಏನಿರಬೇಕು ಅಂತ ಒಬ್ಬರೂ ಬರೆದಿಲ್ಲ! ಹರಿಯೋದು, ತುರಿಸೋದು, ನೋಯೋದು ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತೆ. ಹಾಗಾಗಿ ಉತ್ತರಗಳಲ್ಲಿ ನಾನು ಮತ್ತೆ ಮತ್ತೆ ಹಿಂದಕ್ಕೇ ಹೋಗ್ತೀನಿ, ಬೇಜಾರು ಮಾಡಿಕೊಳ್ಳಬೇಡಿ.

ಅಕ್ಕಾ, ನಾನು ಕಾಲೇಜಿನಲ್ಲಿ ಪಾಠ ಮಾಡ್ತೀನಿ. ಬೆಟಗೇರಿಯ ಕೈಮಗ್ಗದ ಸೀರೆ ಉಡೋದು ಜಾಸ್ತಿ. ಅದಕ್ಕೆ ದೊಡ್ಡ ಮಣಿಯ ಸರ ಒಪ್ಪುತ್ತೆ. ಆದರೆ ಕೊಂಡು ತಂದ ಸರವನ್ನು ಮಧ್ಯಾಹ್ನದ ಹೊತ್ತಿಗೆ ತೆಗೆದು ಬ್ಯಾಗಿಗೆ ಹಾಕ್ತೀನಿ, ಕುತ್ತಿಗೆ ಅಷ್ಟು ನೋಯುತ್ತೆ. ಮನೆಯಲ್ಲಿ ಖಣದ ಚೂರು ಬೇಕಾದಷ್ಟಿದೆ. ಅದರಲ್ಲಿ ಏನಾದರೂ ಮಾಡಬಹುದಾ?
– ಉಪನ್ಯಾಸಕಿ, ಗದಗ

ಖಣ ಕೈಯಲ್ಲಿದೆ ಅಂದರೆ ಅರ್ಧ ಕೆಲಸ ಆಯಿತು. ಅದರ ನೇಯ್ಗೆಯಲ್ಲೇ ಬುಟ್ಟಾ ಇರುತ್ತೆ, ಬಣ್ಣ ಇರುತ್ತೆ. ಮೇಲೆ ಕಲ್ಲು, ಕನ್ನಡಿ ಅಂಟಿಸೋ ಗೋಜೇ ಬೇಡ.

ಮೊದಲು ತೂಕದ ವಿಚಾರ. ಸರದ ಸುತ್ತಲೂ ಮಣಿ ಯಾಕೆ ಬೇಕು ಹೇಳಿ? ಸೆರಗು, ಜಡೆ, ತುರುಬಿನ ಕೆಳಗೆ ಹೋದದ್ದು ಯಾರಿಗೂ ಕಾಣೋದಿಲ್ಲ. ಮುಂದಿನ 8 ಇಂಚಿಗೆ ಮಾತ್ರ ಮಣಿ ಇರಲಿ. 20 ಮಿಲಿಮೀಟರಿನ ದಪ್ಪ ಮಣಿಯಾದರೆ 10 ಸಾಕು. ಉಳಿದದ್ದೆಲ್ಲ ಹತ್ತಿಯ ದೋರಿ. ಇಷ್ಟು ಮಾಡಿದರೇ ಕುತ್ತಿಗೆಯ ಮೇಲಿನ ಭಾರ ಅರ್ಧಕ್ಕಿಂತ ಕಡಿಮೆ ಆಗುತ್ತೆ.

ಒಳಗೆ ಹಾಕೋಕೆ ಮರದ ಮಣಿ ಅಥವಾ ಥರ್ಮಾಕೋಲ್ ಉಂಡೆ ತನ್ನಿ. ಹತ್ತಿಯನ್ನು ಉಂಡೆ ಕಟ್ಟಿ ತುಂಬೋರಿದ್ದಾರೆ. ಅದು ಬರಬರುತ್ತಾ ಚಪ್ಪಟೆಯಾಗುತ್ತೆ, ನನಗೆ ಇಷ್ಟ ಇಲ್ಲ. ಖಣವನ್ನು 8 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಉದ್ದದ ಪಟ್ಟಿಯಾಗಿ ಕತ್ತರಿಸಿ. 20 ಮಿಲಿಮೀಟರ್ ಮಣಿಯ ಸುತ್ತಳತೆ 63 ಮಿಲಿಮೀಟರ್ ಆಗುತ್ತೆ, ಉಳಿದದ್ದು ಹೊಲಿಗೆಗೆ. ಖಣದ ಅಂಚು ಕತ್ತರಿಸಿದ ಕೂಡಲೇ ಎಳೆ ಬಿಡೋಕೆ ಶುರುಮಾಡುತ್ತೆ, ಆದ್ದರಿಂದ ಮೊದಲು ಅಂಚಿಗೆ ಜಿಗ್‌ಜಾಗ್ ಹೊಲಿಗೆ ಹಾಕಿ. ಆಮೇಲೆ ಉಲ್ಟಾ ಮಡಚಿ ಉದ್ದಕ್ಕೆ ಹೊಲಿದು, ಲಂಗದ ಲಾಡಿ ಏರಿಸಿದ ಹಾಗೆ ಒಂದು ತುದಿಗೆ ಪಿನ್ನು ಚುಚ್ಚಿ ಒಳಗಿಂದ ಎಳೆದು ಮಗುಚಿ. ಈಗ ಉದ್ದನೆಯ ಚೀಲ ಆಯಿತಲ್ವಾ? ಒಂದು ಮಣಿ ಹಾಕಿ, ಅದರ ಪಕ್ಕಕ್ಕೇ ಜರಿ ದಾರ ನಾಲ್ಕೈದು ಸುತ್ತು ಬಿಗಿದು ಗಂಟು ಹಾಕಿ. ಮತ್ತೊಂದು ಮಣಿ, ಮತ್ತೊಂದು ಕಟ್ಟು. ಬಟ್ಟೆಯನ್ನೇ ಗಂಟು ಹಾಕೋಕೆ ಹೋಗಬೇಡಿ. ಖಣ ಬಿರುಸು, ಗಂಟು ಮಣಿಗಿಂತ ದಪ್ಪ ಬರುತ್ತೆ. ಚೂರು ಗಿಡ್ಡ ಇದ್ದರೆ ಬೇರೆ ಬಣ್ಣದ ಖಣ ಸೇರಿಸಿ. ಜೋಡಣೆ ಜರಿ ಕಟ್ಟಿನ ಕೆಳಗೆ ಬರೋ ಹಾಗೆ ನೋಡಿಕೊಂಡರೆ ಗೊತ್ತೇ ಆಗೋದಿಲ್ಲ.

ಕೊನೆಯಲ್ಲಿ ಎರಡೂ ತುದಿಯ ಬಟ್ಟೆ ಒಳಕ್ಕೆ ಮಡಚಿ, ದೋರಿ ಇಟ್ಟು ಗಟ್ಟಿಯಾಗಿ ಹೊಲಿಯಿರಿ. ಹಿಂದೆ ಹುಕ್ಕಿನ ಬದಲು ಜಾರುಗಂಟು ಹಾಕಿ. ಆಗ ಅದೇ ಸರ 16 ಇಂಚಿಗೂ ಬರುತ್ತೆ, 24 ಇಂಚಿಗೂ ಬರುತ್ತೆ. ಕಾಲರಿನ ಕುಪ್ಪಸ ಹಾಕಿದ ದಿನ ಉದ್ದ ಬಿಡಿ, ಅಗಲ ಕತ್ತಿನ ಕುಪ್ಪಸಕ್ಕೆ ಮೇಲೆ ಎಳೆದುಕೊಳ್ಳಿ.

ಒಂದು ಮಾತು ಮರೆತಿದ್ದೆ. ಕೆಂಪು ಖಣ ಇದ್ದರೆ ಹೊಲಿಯೋ ಮುಂಚೆ ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಣ್ಣ ಬಿಟ್ಟರೆ ಏಪ್ರಿಲ್ ತಿಂಗಳ ಬೆವರಿಗೆ ನಿಮ್ಮ ಬೆಟಗೇರಿ ಸೀರೆ ಹಾಳಾಗುತ್ತೆ.

ನನಗೆ ಕಸೂತಿ ಬರುತ್ತೆ. ಮ್ಯಾಟಿ ಬಟ್ಟೆಯ ಮೇಲೆ ಆನೆ ಅಂಬಾರಿ ಹಾಕಿ ಪೆಂಡೆಂಟ್ ಮಾಡಲು ನೋಡಿದೆ. ಅಂಬಾರಿ ಅರ್ಧಕ್ಕೇ ನಿಂತಿತು. ಅಂಟು ಬೇರೆ ಮೇಲೆ ಬಂದು ಕಲೆ ಆಯಿತು.
– ಗೃಹಿಣಿ, ಧಾರವಾಡ

ಅಂಬಾರಿ ಸೀರೆಯ ಸೆರಗಿಗೆ ಸರಿ. ಪೆಂಡೆಂಟು ಅಂದರೆ ಎರಡು ಇಂಚು. ಅಷ್ಟರಲ್ಲಿ ಎಷ್ಟು ಎಳೆ ಸಿಗುತ್ತೆ ಎಣಿಸಿ ನೋಡಿ, ಆನೆಯ ಸೊಂಡಿಲಿಗೇ ಮುಗಿದು ಹೋಗುತ್ತೆ. ತುಳಸಿಕಟ್ಟೆ ಅಥವಾ ಸಣ್ಣ ಗೋಪುರ ಹಾಕಿ. ಅವು ಎರಡೂ ಕಡೆ ಸಮ ಇರೋದ್ರಿಂದ ನಟ್ಟನಡುವೆ ಕೂರುತ್ತವೆ. ಗವಂತಿ, ಮುರಗಿ ಎರಡರಲ್ಲೇ ಮುಗಿಸಿದರೆ ನಿಮಗೊಂದು ಲಾಭ ಇದೆ. ಈ ಹೊಲಿಗೆಗಳು ಹಿಂದೂ ಮುಂದೂ ಒಂದೇ ಥರ ಕಾಣುತ್ತವೆ, ಕಸೂತಿಯಲ್ಲಿ ಗಂಟೂ ಹಾಕೋದಿಲ್ಲ. ಹಾಗಾಗಿ ಹಲಗೆಗೆ ಅಂಟಿಸದೆ, ಬಿದಿರಿನ ಸಣ್ಣ ರಿಂಗಿಗೆ ಸುತ್ತಲೂ ಹೊಲಿದು ಎರಡೂ ಮಗ್ಗುಲು ತೋರಿಸಬಹುದು. ಸರ ತಿರುಗಿಕೊಂಡರೂ ಚಿಂತೆ ಇಲ್ಲ.

ಹಲಗೆಯೇ ಬೇಕು ಅಂದರೆ ಸೀರೆ ಡಬ್ಬಿಯ ರಟ್ಟನ್ನು ಎರಡು ಪದರ ಮಾಡಿ. ಅಂಟನ್ನು ಬಟ್ಟೆಗೆ ಹಚ್ಚಬೇಡಿ, ರಟ್ಟಿನ ಹಿಂಭಾಗದ ಅಂಚಿಗೆ ಮಾತ್ರ ತೆಳ್ಳಗೆ ಹಚ್ಚಿ. ಬಟ್ಟೆಯನ್ನು ಮುಂದಿನಿಂದ ಎಳೆದು ತಂದು ಹಿಂದೆ ಮಡಚಿ ಕೂರಿಸಿ. ಆಗ ಕಸೂತಿಯ ಕೆಳಗೆ ಅಂಟು ಇರೋದೇ ಇಲ್ಲ, ಕಲೆ ಎಲ್ಲಿಂದ ಬರುತ್ತೆ?

ಮೇಡಂ, ದುರ್ಗದಬೈಲಿನಿಂದ ಗಾಜಿನ ಮಣಿ ತಂದು ನೈಲಾನ್ ದಾರದಲ್ಲಿ ಮೂರೆಳೆ ಸರ ಮಾಡಿದ್ದೆ. ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲೇ ಹರಿದು ಮಣಿ ಎಲ್ಲಾ ಎಲೆಯೊಳಗೆ ಬಿತ್ತು. ಗಂಟು ಚೆನ್ನಾಗಿಯೇ ಹಾಕಿದ್ದೆ.
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಪಾಪ, ಹೋಳಿಗೆ ಬಡಿಸೋ ಹೊತ್ತು ಅಂತ ಕಾಣುತ್ತೆ.

ಗಂಟು ಚೆನ್ನಾಗಿದ್ದರೂ ನೈಲಾನ್ ಜಾರುತ್ತೆ, ಎಳೆ ಬಿಟ್ಟುಕೊಳ್ಳುತ್ತೆ, ಹಳೆಯದಾದರೆ ಗಡಸಾಗಿ ತುಂಡಾಗುತ್ತೆ. ಮೇಲಾಗಿ ಗಾಜಿನ ಮಣಿಯ ತೂತಿನ ಅಂಚು ಚೂಪು. ಅದು ದಿನಾ ದಾರವನ್ನು ಉಜ್ಜುತ್ತಾ ಇರುತ್ತೆ. ಗಾಜು, ಕ್ರಿಸ್ಟಲ್, ಕಲ್ಲಿನ ಮಣಿಗೆ ಗೇರ್ ವೈರ್ ಬಳಸಿ. ತೆಳ್ಳನೆಯ ಉಕ್ಕಿನ ತಂತಿಗೆ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಅದಕ್ಕೆ ಗಂಟು ಹಾಕೋ ಹಾಗಿಲ್ಲ, ಕ್ರಿಂಪ್ ಮಣಿ ಹಾಕಬೇಕು. ಒತ್ತಿದರೆ ಚಪ್ಪಟೆಯಾಗಿ ತಂತಿಯನ್ನು ಕಚ್ಚಿ ಹಿಡಿಯೋ ಲೋಹದ ಪುಟ್ಟ ಮಣಿ ಅದು. ತಂತಿಯನ್ನು ಕ್ರಿಂಪಿನೊಳಗಿಂದ ತಂದು, ಹುಕ್ಕಿನ ರಿಂಗಿಗೆ ಸುತ್ತಿ, ಮತ್ತೆ ಅದೇ ಕ್ರಿಂಪಿನೊಳಗೆ ಹಿಂದಕ್ಕೆ ತಳ್ಳಿ. ಪಕ್ಕಡಿನಿಂದ ಒತ್ತಿ. ಉಳಿದ ತುದಿಯನ್ನು ಕತ್ತರಿಸದೆ ಎರಡು ಮೂರು ಮಣಿಗಳ ಒಳಗೆ ತೂರಿಸಿ. ಇಲ್ಲದಿದ್ದರೆ ಕತ್ತಿಗೆ ಚುಚ್ಚುತ್ತೆ.

ಕ್ರಿಂಪ್ ಒತ್ತೋ ಮುಂಚೆ ಸರವನ್ನು ಎರಡೂ ತುದಿಯಲ್ಲಿ ಹಿಡಿದು ಎತ್ತಿ ನೋಡಿ. ದುಂಡಗೆ ಇಳಿಬಿದ್ದರೆ ಸರಿ. ಅಲ್ಲಲ್ಲಿ ಮೂಲೆ ಮೂಲೆಯಾಗಿ ಸೆಟೆದು ನಿಂತರೆ ತಂತಿ ಜಾಸ್ತಿ ಬಿಗಿಯಾಗಿದೆ. ಒಂದೆರಡು ಮಿಲಿಮೀಟರ್ ಸಡಿಲ ಬಿಡಿ. ಮೂರೆಳೆ ಇದ್ದರೆ ಪ್ರತಿ ಎಳೆಯನ್ನೂ ಬೇರೆ ಬೇರೆಯಾಗಿ ಹುಕ್ಕಿಗೆ ಕಟ್ಟಿ. ಒಂದು ಹರಿದರೂ ಎರಡು ಉಳಿಯುತ್ತವೆ.

ಜಂಪ್ ರಿಂಗ್, ಅಂದರೆ ಹುಕ್ಕು ಸೇರಿಸೋ ಸೀಳಿರೋ ಪುಟ್ಟ ತಂತಿ ರಿಂಗು, ಅದನ್ನು ತೆರೆಯೋದೂ ಹೇಳಿಬಿಡ್ತೀನಿ. ಎರಡು ಪಕ್ಕಡಿನಲ್ಲಿ ಹಿಡಿದು ಒಂದು ತುದಿಯನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆ ಕಡೆಗೆ ತಿರುಚಿ. ಅಗಲಕ್ಕೆ ಹಿಗ್ಗಿಸಿದರೆ ಅದರ ದುಂಡು ಮತ್ತೆ ಬರೋದಿಲ್ಲ, ಆ ಸಂದಿಯಿಂದಲೇ ಸರ ಕಳಚಿಕೊಳ್ಳುತ್ತೆ. ಪೋಣಿಸುವಾಗ ತಾಟಿನಲ್ಲಿ ಒಂದು ಟವೆಲ್ ಹಾಸಿಕೊಂಡು ಕೂತರೆ ಮಣಿ ಉರುಳಾಡೋದಿಲ್ಲ.

ಇಷ್ಟೆಲ್ಲ ರಗಳೆ ಬೇಡ ಅನಿಸಿದರೆ, ಮಣಿ ನೀವು ಆರಿಸಿ, ಕಟ್ಟೋಕೆ ಪಟವೇಗಾರರಿಗೆ ಕೊಡಿ. ರೇಷ್ಮೆ ದಾರದಲ್ಲಿ ಅವರು ಕಟ್ಟೋ ಗೊಂಡೆಯ ಅಂದ ಯಾವ ಹುಕ್ಕಿಗೂ ಬರೋದಿಲ್ಲ.

ಆಕ್ಸಿಡೈಸ್ಡ್ ಸರ ಹಾಕಿದರೆ ಕುತ್ತಿಗೆ ಸುತ್ತ ಕೆಂಪಾಗಿ ತುರಿಸುತ್ತೆ. ‘ಜರ್ಮನ್ ಸಿಲ್ವರ್, ಏನೂ ಆಗೋದಿಲ್ಲ’ ಅಂದಿದ್ದರು.
– ವಿದ್ಯಾರ್ಥಿನಿ, ಹುಬ್ಬಳ್ಳಿ

ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಇರೋದಿಲ್ಲ ತಂಗಿ. ತಾಮ್ರ, ಸತು, ನಿಕಲ್ ಸೇರಿಸಿದ ಲೋಹ ಅದು. ಬೆವರು ತಾಗಿದಾಗ ನಿಕಲ್ ಸ್ವಲ್ಪ ಸ್ವಲ್ಪ ಬಿಡುತ್ತೆ, ಅದು ಒಗ್ಗದವರಿಗೆ ತುರಿಕೆ ಬರುತ್ತೆ. ಒಮ್ಮೆ ಒಗ್ಗದೆ ಹೋದರೆ ಸಾಮಾನ್ಯವಾಗಿ ಜೀವನಪೂರ್ತಿ ಹಾಗೇ. ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದರೆ ಸ್ವಲ್ಪ ದಿನ ತಡೆಯುತ್ತೆ, ಸವೆದ ಕೂಡಲೇ ಮತ್ತೆ ಶುರು. ಆ ಸರದ ಪೆಂಡೆಂಟು ಮಾತ್ರ ಬಿಚ್ಚಿಕೊಂಡು ಹತ್ತಿ ದೋರಿಗೆ ಹಾಕಿ, ಕುರ್ತಾದ ಮೇಲೆ ಬರೋ ಹಾಗೆ ಉದ್ದ ಬಿಡಿ. ಲೋಹ ಮೈಗೆ ತಾಗಬಾರದು ಅಷ್ಟೇ. ಗುಳ್ಳೆ ಎದ್ದು ನೀರು ಬರ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಮಗಳು ಬೇಲಿಯಿಂದ ಗುಲಗಂಜಿ ಆರಿಸಿ ತಂದಿದ್ದಾಳೆ. ಕೆಂಪು ಕಪ್ಪು ಎಷ್ಟು ಚಂದ! ತೂತು ಮಾಡಿ ಅವಳಿಗೊಂದು ಸರ ಮಾಡಿಕೊಡಲೇ?
– ಓದುಗರು, ಹಾನಗಲ್ಲ ತಾಲ್ಲೂಕು

ಬೇಡವೇ ಬೇಡ. ಗುಲಗಂಜಿ ವಿಷ. ಅದರ ಸಿಪ್ಪೆ ಗಟ್ಟಿ ಇರೋ ತನಕ ವಿಷ ಒಳಗೇ ಇರುತ್ತೆ, ತೂತು ಮಾಡಿದರೆ ಆ ಕಾವಲು ಹೋಯಿತು. ಮಕ್ಕಳು ಸರವನ್ನು ಬಾಯಿಗೆ ಹಾಕದೆ ಇರ್ತಾರಾ? ಯಾರಾದರೂ ಅಗಿದು ನುಂಗಿದ್ದಾರೆ ಅನಿಸಿದರೆ ವಾಂತಿ ಆಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಲಕ್ಷಣ ಕಾಣಿಸಿಕೊಳ್ಳೋಕೆ ಕೆಲವು ಗಂಟೆ ಹಿಡಿಯಬಹುದು. ಅಕ್ಕಸಾಲಿಗರು ಹಿಂದೆ ಇದರಿಂದ ಚಿನ್ನ ತೂಗುತ್ತಿದ್ದರು, ನಿಜ. ಅವರು ತೂಗಿ ಡಬ್ಬಿಯಲ್ಲಿಡುತ್ತಿದ್ದರು, ಮಕ್ಕಳ ಕೊರಳಿಗೆ ಹಾಕ್ತಿರಲಿಲ್ಲ. ಸೀತಾಫಲದ ಬೀಜವೂ ಬೇಡ. ಒಡೆದಾಗ ಅದರ ಪುಡಿ ಕಣ್ಣಿಗೆ ಬಿದ್ದರೆ ಕೆಡುಕು.

ನೀವು ಹಾವೇರಿ ಜಿಲ್ಲೆಯವರು, ಏಲಕ್ಕಿ ಹಾರ ನೋಡಿಯೇ ಇರ್ತೀರಿ. ಅದೇ ಥರ ಏಲಕ್ಕಿ ಕಾಯಿ, ನಡುನಡುವೆ ಮರದ ಮಣಿ ಹಾಕಿ ಮಗಳಿಗೆ ಒಂದೆಳೆ ಮಾಡಿ. ಸೂಜಿ ಸಲೀಸಾಗಿ ಹೋಗುತ್ತೆ, ಘಮಘಮ ಅಂತಲೂ ಇರುತ್ತೆ. ಚೆನ್ನಾಗಿ ಒಣಗಿದ ಕಾಯಿ ಆರಿಸಿ, ಹಸಿ ಇದ್ದರೆ ಬೂಷ್ಟು ಬರುತ್ತೆ.

ಟೆರಾಕೋಟಾ ಸರವನ್ನು ಮನೆಯ ಗ್ಯಾಸಿನ ಮೇಲೆ ಸುಡಬಹುದಾ?
– ಓದುಗರು, ಲಕ್ಷ್ಮೇಶ್ವರ

ಗ್ಯಾಸಿನ ಮೇಲೆ ಒಂದು ಮಗ್ಗುಲು ಕಾಯುತ್ತೆ, ಇನ್ನೊಂದು ಕಾಯೋದಿಲ್ಲ. ಒಳಗೆ ತೇವ ಇದ್ದರೆ ಪಟ್ ಅಂತ ಸಿಡಿದು ಕಣ್ಣಿಗೆ ಬರುತ್ತೆ. ಮಣಿಗಳನ್ನು ಕೆಲವು ದಿನ ನೆರಳಲ್ಲಿ, ಆಮೇಲೆ ಬಿಸಿಲಲ್ಲಿ ಒಣಗಿಸಿ ಕುಂಬಾರರ ಆವಿಗೆಗೆ ಕೊಡಿ, ಮಡಕೆಗಳ ಜತೆ ಸುಟ್ಟುಕೊಡ್ತಾರೆ. ಮಣ್ಣು ಒಣಗಿದಾಗ ಕುಗ್ಗುತ್ತೆ, ಆದ್ದರಿಂದ ತೂತು ಬೇಕಾದ್ದಕ್ಕಿಂತ ದೊಡ್ಡದು ಮಾಡಿ. ಗಾಳಿ ಆಡಿದರೆ ಕೆಂಪು, ಗಾಳಿ ಕಟ್ಟಿ ಹೊಗೆಯಲ್ಲಿ ಬೆಂದರೆ ಕಪ್ಪು. ನನಗೆ ಕಪ್ಪೇ ಇಷ್ಟ.

ನಮ್ಮ ಅತ್ತೆಯವರ ಬೋರಮಾಳ ಹರಿದು ಕೆಲವೇ ಗುಂಡು ಉಳಿದಿವೆ. ಮಗಳು ಅದನ್ನು ಹೊಸ ಥರದ ದೊಡ್ಡ ಸರಕ್ಕೆ ಸೇರಿಸಿಕೊಡು ಅಂತಾಳೆ. ಕರಗಿಸೋಕೆ ಮನಸ್ಸಿಲ್ಲ.
– ನಿವೃತ್ತ ಶಿಕ್ಷಕಿ, ರಾಣೆಬೆನ್ನೂರು

ಕರಗಿಸಬೇಡಿ ಬಾಯಾರೆ, ಮಗಳು ಹೇಳೋದೇ ಸರಿ. ಬೋರಮಾಳದ ಗುಂಡು ಹೊರಗೆ ಚಿನ್ನದ ತೆಳು ತಗಡು, ಒಳಗೆ ಅರಗು. ಅರಗು ಬಿಸಿಗೆ ಮೆತ್ತಗಾಗುತ್ತೆ. ಹಾಗಾಗಿ ಬಿಸಿನೀರಲ್ಲಿ ತೊಳೆಯಬೇಡಿ, ಪಕ್ಕಡಿನಿಂದ ಹಿಡಿಯಬೇಡಿ, ನೆಗ್ಗಿದರೆ ಸರಿಮಾಡೋದು ಕಷ್ಟ. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಮೇಲೆ ಹೇಳಿದ ಗೇರ್ ವೈರ್ ಇದಕ್ಕೆ ಬೇಡ, ರೇಷ್ಮೆ ದಾರವೇ ಆಗಬೇಕು. ಪ್ರತಿ ಗುಂಡಿನ ಎರಡೂ ಮಗ್ಗುಲಿಗೆ ಗಂಟು ಹಾಕಿಸಿ. ಹರಿದರೂ ಒಂದೇ ಗುಂಡು ಬೀಳುತ್ತೆ, ಉಳಿದದ್ದು ಎಳೆಯಲ್ಲೇ ಇರುತ್ತೆ.

ಜೋಡಿಸೋದು ಹೇಗೆ ಅಂದರೆ, ಗುಂಡುಗಳನ್ನು ಸುತ್ತಲೂ ಹರಡಬೇಡಿ, ಕಳೆದೇ ಹೋಗುತ್ತವೆ. ಎಲ್ಲವನ್ನೂ ನಡುವಿಗೆ ತನ್ನಿ. ಎರಡೂ ಕಡೆ ಕರಿಮಣಿಯ ನಾಲ್ಕೈದು ಎಳೆ ಒಟ್ಟಿಗೆ ಮೇಲಕ್ಕೆ ಹೋಗಲಿ, ಹಿಂದೆ ದೋರಿ. ಕಪ್ಪಿನ ನಡುವೆ ಚಿನ್ನ ಎದ್ದು ಕಾಣುತ್ತೆ, ಇನ್ನೊಂದು ಪೆಂಡೆಂಟು ಬೇಕಾಗೋದಿಲ್ಲ. ಕಟ್ಟಿಸೋಕೆ ಕೊಡೋ ಮುಂಚೆ ಗುಂಡುಗಳನ್ನು ಎಣಿಸಿ, ಫೋಟೋ ತೆಗೆದು, ತೂಗಿಸಿ ಬರೆದಿಟ್ಟುಕೊಳ್ಳಿ. ಆ ತೂಕದಲ್ಲಿ ಅರಗಿನದೂ ಸೇರಿರುತ್ತೆ ಅನ್ನೋದು ನೆನಪಿರಲಿ.

ಸರ ಮಾಡಿ ಮಾರಬೇಕು ಅಂತಿದ್ದೇನೆ. ಬೆಲೆ ಹೇಗೆ ಹೇಳಲಿ?
– ಓದುಗರು, ನವಲಗುಂದ

ಮಣಿಯ ದುಡ್ಡು ಮಾತ್ರ ಲೆಕ್ಕ ಹಾಕಿ ಕೂರಬೇಡಿ. ಹುಕ್ಕು, ದೋರಿ, ಕ್ರಿಂಪ್, ಹಾಳಾದ ಖಣ, ಡಬ್ಬಿ ಎಲ್ಲವೂ ಸೇರಬೇಕು. ಮೇಲೆ ನಿಮ್ಮ ಹೊತ್ತಿನ ಕೂಲಿ. ನಿಮ್ಮೂರಲ್ಲಿ ಹೊಲಿಗೆಯವರು ತಾಸಿಗೆ ಎಷ್ಟು ದುಡೀತಾರೆ ಕೇಳಿ, ಅದಕ್ಕಿಂತ ಕಡಿಮೆ ಹಾಕಿಕೊಳ್ಳಬೇಡಿ. ‘ಬಣ್ಣ ಹೋಗೋದಿಲ್ಲ’ ಅಂತ ಗ್ಯಾರಂಟಿ ಕೊಡೋಕೆ ಹೋಗಬೇಡಿ, ಬೆವರು ಒಬ್ಬೊಬ್ಬರದು ಒಂದೊಂದು ಥರ. ಮೊದಲ ಸರವನ್ನು ಚಿಕ್ಕಮ್ಮ ಹೇಗೂ ಪುಕ್ಕಟೆ ಇಸಿದುಕೊಳ್ತಾರೆ. ಎರಡನೆಯದಕ್ಕೆ ಅವರಿಗೂ ಬೆಲೆ ಹೇಳಿ.