ನಳದ ನೀರಿನ ಗುಣಮಟ್ಟಕ್ಕಾಗಿ ರಾಜ್ಯದ ಕಾನೂನಿನಲ್ಲಿ ಏನನ್ನು ತಿದ್ದಬೇಕು?

ಹುಬ್ಬಳ್ಳಿಯ ಹಳೆಯ ಬಡಾವಣೆಯೊಂದರಲ್ಲಿ ವಾರಕ್ಕೊಮ್ಮೆ ಬರುವ ನಳದ ನೀರು ಮೊದಲ ಕೆಲವು ನಿಮಿಷ ಕೆಂಪಗೆ, ಗಟಾರದ ವಾಸನೆಯೊಂದಿಗೆ ಬರುತ್ತದೆ ಎಂದು ಬರೆದಿದ್ದೀರಿ. ಇದನ್ನು ಯಾವ ಕಾನೂನಿನ ಅಡಿಯಲ್ಲಿ ಪ್ರಶ್ನಿಸಬಹುದು, ಇರುವ ಕಾನೂನು ಸಾಲದಿದ್ದರೆ ಅದನ್ನು ತಿದ್ದುವ ಅಧಿಕಾರ ರಾಜ್ಯಕ್ಕಿದೆಯೇ ಎಂದೂ ಕೇಳಿದ್ದೀರಿ. ನಾನು ವಕೀಲನಲ್ಲ, ಗದಗ ಮತ್ತು ಹಾವೇರಿ ಭಾಗದಲ್ಲಿ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದವನು. ಕಾಯ್ದೆಗಳ ಬಗ್ಗೆ ನನಗೆ ತಿಳಿದಿರುವುದೆಲ್ಲ, ನಾವು ಬರೆದ ವರದಿಗಳು ಎಲ್ಲಿಗೆ ಹೋಗಿ ನಿಲ್ಲುತ್ತವೆ ಎಂದು ಹುಡುಕುತ್ತ ಹೋದಾಗ ತಿಳಿದದ್ದು.

ನೀರು ಪೂರೈಸಬೇಕು ಎನ್ನುವುದಕ್ಕೆ ನಮ್ಮಲ್ಲಿ ಕಾನೂನುಗಳಿವೆ. ಪೂರೈಸಿದ ನೀರು ಮನೆಯ ನಳದಲ್ಲಿ ಕುಡಿಯಲು ಯೋಗ್ಯವಾಗಿರಬೇಕು, ಇಲ್ಲವಾದರೆ ಇಂಥವರು ಇಷ್ಟು ದಿನದೊಳಗೆ ಉತ್ತರ ಕೊಡಬೇಕು ಎನ್ನುವುದಕ್ಕೆ ಸ್ಪಷ್ಟವಾದ ಕಾನೂನಿಲ್ಲ. ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ, ಪುರಸಭೆ ಮತ್ತು ನಗರಸಭೆಗಳಿಗೆ 1964ರ ಕಾಯ್ದೆ, ಗ್ರಾಮ ಪಂಚಾಯಿತಿಗಳಿಗೆ 1993ರ ಕಾಯ್ದೆ ಇವೆ. ನೀರು ಪೂರೈಕೆ ಈ ಸಂಸ್ಥೆಗಳ ಕರ್ತವ್ಯವೆಂದೇ ಅವುಗಳಲ್ಲಿ ಬರೆದಿದೆ. ಶುದ್ಧ ನೀರು, ಆರೋಗ್ಯಕ್ಕೆ ಹಾನಿಯಿಲ್ಲದ ನೀರು ಎಂಬಂಥ ಮಾತುಗಳು ಇಂಥ ಕಾನೂನುಗಳಲ್ಲಿ ಅಲ್ಲಲ್ಲಿ ಬಂದರೂ, ಅದನ್ನು ಅಳೆಯುವ ಅಂಕಿಗಳು ಇರುವುದು ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಎಂಬ 2012ರ ಮಾನದಂಡದಲ್ಲಿ. ನೂರು ಮಿಲಿ ಲೀಟರ್ ನೀರಿನಲ್ಲಿ, ಮಲ ಬೆರೆತಿರುವುದರ ಗುರುತಾದ ಇ ಕೋಲಿ ಬ್ಯಾಕ್ಟೀರಿಯಾ ಒಂದೂ ಇರಕೂಡದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಕೂಡದು, ಫ್ಲೋರೈಡ್ 1 ಮಿಲಿಗ್ರಾಂನೊಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5ರವರೆಗೆ ಸಹಿಸಬಹುದು ಎಂದೆಲ್ಲ ಅದರಲ್ಲಿದೆ. ಆದರೆ ನಳದ ನೀರಿನ ಮಟ್ಟಿಗೆ ಈ ಮಾನದಂಡ ಕಡ್ಡಾಯವಲ್ಲ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮೀಣ ಮನೆಗಳಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ನೀರನ್ನು ಇದೇ ಗುಣಮಟ್ಟದಲ್ಲಿ ಕೊಡುವ ಗುರಿ ಇಟ್ಟುಕೊಂಡಿದೆ, ನಿಜ. ಆದರೆ ಅದು ಯೋಜನೆಯ ಮಾರ್ಗಸೂಚಿಯೇ ಹೊರತು ನಾಗರಿಕನೊಬ್ಬ ನ್ಯಾಯಾಲಯದಲ್ಲಿ ಕೈಮಾಡಿ ತೋರಿಸಬಹುದಾದ ಕಾಯ್ದೆಯ ಕಲಮಲ್ಲ. ಅಂಗಡಿಯಲ್ಲಿ ಮಾರುವ ಬಾಟಲಿ ನೀರು 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಆಹಾರವೆನಿಸಿಕೊಳ್ಳುತ್ತದೆ, ಅದು ಕೆಟ್ಟಿದ್ದರೆ ತಯಾರಕನ ಮೇಲೆ ಪ್ರಕರಣ ಹೂಡಬಹುದು. ಊರಿನ ಬಹುಪಾಲು ಜನ ಕುಡಿಯುವ ನೀರಿಗೆ ಅಷ್ಟು ರಕ್ಷಣೆಯೂ ಇಲ್ಲ.

ಇನ್ನು ಅಧಿಕಾರದ ಪ್ರಶ್ನೆ. ಇಲ್ಲಿ ಗೊಂದಲ ಹೆಚ್ಚು. ನೀರು ಕೆಟ್ಟಾಗ ಅನೇಕರು ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಬರೆಯುತ್ತಾರೆ. ಮಂಡಳಿಗೆ ಆಧಾರವಾದ 1974ರ ಜಲ ಕಾಯ್ದೆಯ ಮುಖ್ಯ ಗುರಿ ಕಾರ್ಖಾನೆ ಮತ್ತು ಊರುಗಳು ನದಿ, ಹಳ್ಳಗಳಿಗೆ ಬಿಡುವ ಹೊಲಸು. 1980ರ ದಶಕದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಬಳಿ ತುಂಗಭದ್ರೆಯ ಮಾಲಿನ್ಯದ ವಿರುದ್ಧ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ನಡೆಸಿದ ಹೋರಾಟ ಆ ಬಗೆಯದು. ಜಲ ಕಾಯ್ದೆಯನ್ನು ಸಂವಿಧಾನದ 252ನೇ ವಿಧಿಯಡಿ, ರಾಜ್ಯಗಳ ನಿರ್ಣಯದ ಮೇಲೆ ಸಂಸತ್ತು ಮಾಡಿದ್ದರಿಂದ ನಮ್ಮ ವಿಧಾನಮಂಡಲ ತಾನಾಗಿ ಅದನ್ನು ತಿದ್ದುವಂತಿಲ್ಲ. ನಳದ ನೀರಿನ ವಿಷಯ ಹಾಗಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಗಳು ಕಾನೂನು ಮಾಡಬಹುದಾದ ವಿಷಯಗಳ ರಾಜ್ಯ ಪಟ್ಟಿಯಿದೆ, ಅದರಲ್ಲಿ ಸಾರ್ವಜನಿಕ ಆರೋಗ್ಯ 6ನೆಯದು, ನೀರು ಪೂರೈಕೆ 17ನೆಯದು. ಆದ್ದರಿಂದ ಕುಡಿಯುವ ನೀರಿನ ಸುರಕ್ಷತೆಗೆಂದೇ ಕಾಯ್ದೆ ಮಾಡಲು ಕರ್ನಾಟಕ ದೆಹಲಿಯ ಕಡೆ ನೋಡುತ್ತ ಕೂರಬೇಕಾಗಿಲ್ಲ. ಕುಡಿಯುವ ನೀರಿನ ಮೂಲಗಳ ಸುತ್ತ ಬೋರು ಕೊರೆಯುವುದನ್ನು ನಿಯಂತ್ರಿಸುವ 1999ರ ಕಾಯ್ದೆಯನ್ನೂ, 2011ರ ಅಂತರ್ಜಲ ಕಾಯ್ದೆಯನ್ನೂ ನಮ್ಮ ರಾಜ್ಯವೇ ಮಾಡಿಕೊಂಡಿದೆ. ಅವೆರಡರ ಚಿಂತೆಯೂ ಮುಖ್ಯವಾಗಿ ನೀರಿನ ಪ್ರಮಾಣದ್ದು.

ನಿಮ್ಮ ನಳದ ವಿಷಯಕ್ಕೆ ಬರುತ್ತೇನೆ. ನವಿಲುತೀರ್ಥದ ಅಣೆಕಟ್ಟೆಯಿಂದ ಬರುವ ಮಲಪ್ರಭೆಯ ನೀರು ಅಮ್ಮಿನಭಾವಿಯಲ್ಲಿ ಶುದ್ಧವಾಗುತ್ತದೆ. ಅಲ್ಲಿಂದ ಹೊರಡುವ ನೀರು ಚೆನ್ನಾಗಿದ್ದರೂ ನಿಮ್ಮ ಮನೆಯಲ್ಲಿ ಕೆಟ್ಟಿರಬಹುದು. ವಾಲ್ವ್ ಮುಚ್ಚಿದ ಮೇಲೆ ಪೈಪು ದಿನಗಟ್ಟಲೆ ಖಾಲಿ ಇರುತ್ತದೆ, ಒಳಗೆ ಒತ್ತಡವಿರುವುದಿಲ್ಲ, ಆಗ ಸಡಿಲವಾದ ಜೋಡಣೆಗಳಿಂದ ಪಕ್ಕದ ಗಟಾರದ ನೀರು ಒಳಕ್ಕೆ ಜಿನುಗುತ್ತದೆ. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬಿಡುವ ಪ್ರಯೋಗ ಆರಂಭವಾಯಿತಲ್ಲ, ಅದನ್ನು ಹಳೆಯ ಪದ್ಧತಿಯ ವಾರ್ಡುಗಳೊಂದಿಗೆ ಹೋಲಿಸಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ ನಳದ ಮಾದರಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲಿನಲ್ಲಿ ಇ ಕೋಲಿ ಸಿಕ್ಕಿತ್ತು. ನಿರಂತರ ನೀರಿದ್ದ ಕಡೆ ನೂರಕ್ಕೆ ಒಂದರಲ್ಲೂ ಸಿಗಲಿಲ್ಲ. ಶುದ್ಧೀಕರಣ ಘಟಕದ ಬಾಗಿಲಲ್ಲಿ ಮಾದರಿ ತೆಗೆದು 'ನೀರು ಯೋಗ್ಯ' ಎಂದು ಬರೆಯುವುದಕ್ಕೆ ಇಂಥ ಊರಿನಲ್ಲಿ ಎಷ್ಟು ಬೆಲೆಯಿದೆ ಎಂದು ನೀವೇ ಯೋಚಿಸಿ. ಹೊಸ ಕಾಯ್ದೆಯಲ್ಲಿ ಗುಣಮಟ್ಟ ಅಳೆಯುವ ಜಾಗ ಮನೆಯ ನಳವೆಂದು, ಅದರಲ್ಲೂ ವಾರ್ಡಿನ ಕಟ್ಟಕಡೆಯ ನಳವೆಂದು ಬರೆಯಬೇಕು. ಕ್ರಿಮಿ ಕೊಲ್ಲಲು ಬೆರೆಸಿದ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕಾದದ್ದೂ ಅಲ್ಲಿಯೇ.

ಗದಗ ಜಿಲ್ಲೆಯ ಸಮಸ್ಯೆ ಬೇರೆ. ಮುಂಡರಗಿ, ರೋಣದ ಕಡೆ ಆಳದ ಬೋರುಗಳಲ್ಲಿ ಕಲ್ಲಿನಿಂದಲೇ ಕರಗಿ ಬರುವ ಫ್ಲೋರೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಾಯಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಹೆಚ್ಚೇ ಆಗುತ್ತದೆ. 2013ರಿಂದ 2018ರವರೆಗೆ ಗದಗದವರೇ ಆದ ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ರಾಜ್ಯದ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ದೊಡ್ಡ ಸಂಖ್ಯೆಯಲ್ಲಿ ಬಂದವು. ಒಳ್ಳೆಯ ಕೆಲಸವೇ. ಆದರೆ ನಾಣ್ಯ ಹಾಕಿದರೆ ನೀರು ಬರುತ್ತದೆ ಎನ್ನುವುದಷ್ಟೇ ಜನರಿಗೆ ಕಾಣುತ್ತದೆ. ನೀರು ಸೋಸುವ ಒಳಗಿನ ಪೊರೆ ಯಾವಾಗ ಬದಲಾಯಿತು, ಹೊರಬಂದ ನೀರನ್ನು ಕೊನೆಗೆ ಯಾವಾಗ ಪರೀಕ್ಷಿಸಿದರು, ಫ್ಲೋರೈಡ್ ತುಂಬಿದ ತ್ಯಾಜ್ಯ ನೀರನ್ನು ಎಲ್ಲಿ ಬಿಡುತ್ತಿದ್ದಾರೆ ಎಂಬುದನ್ನು ಘಟಕದ ಗೋಡೆಯ ಮೇಲೆ ಬರೆಯಬೇಕೆಂದು ಕಾಯ್ದೆ ಕಡ್ಡಾಯ ಮಾಡಬೇಕು. ಘಟಕ ಕೆಟ್ಟು ನಿಂತರೆ ಊರು ಮತ್ತೆ ಸವಳು ಬೋರಿನ ನೀರಿಗೇ ಮರಳುತ್ತದೆ. ಆದ್ದರಿಂದ ದುರಸ್ತಿಗೂ ಗಡುವು ಬೇಕು.

ಇಷ್ಟೆಲ್ಲ ತಿದ್ದುಪಡಿಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ, ನೀರು ಕೊಡುವವರ ಕೈಯಿಂದ ನೀರು ಪರೀಕ್ಷಿಸುವ ಕೆಲಸವನ್ನು ಬೇರ್ಪಡಿಸಿ ಎನ್ನುತ್ತೇನೆ. ನನ್ನ ಸೇವೆಯ ಕಾಲದಲ್ಲಿ ಒಂದು ಹಳ್ಳಿಯ ಬೋರಿನ ನೀರು ಕುಡಿಯಲು ಯೋಗ್ಯವಲ್ಲವೆಂದು ಮತ್ತೆ ಮತ್ತೆ ವರದಿ ಕೊಟ್ಟಿದ್ದೆವು. ಆ ಬೋರು ಕೊರೆಸಿ, ಪೈಪು ಹಾಕಿಸಿ, ಕಾಮಗಾರಿ ಪೂರ್ಣವೆಂದು ಬಿಲ್ಲಿಗೆ ಸಹಿ ಮಾಡಿದ ಕಚೇರಿಗೇ ನಮ್ಮ ವರದಿ ಹೋಗುತ್ತಿತ್ತು, ಅಲ್ಲಿಯೇ ಉಳಿಯುತ್ತಿತ್ತು. ಪರೀಕ್ಷೆ ಬರೆದವನ ಕೈಗೇ ಉತ್ತರಪತ್ರಿಕೆ ತಿದ್ದಲು ಕೊಟ್ಟಂತಹ ವ್ಯವಸ್ಥೆಯಿದು. ಊರಿನವರಿಗೆ ತಿಳಿಸುವ ಅಧಿಕಾರ ನಮಗಿರಲಿಲ್ಲ, ತಿಳಿಸಬೇಕೆಂಬ ಹೊಣೆ ಆ ಕಚೇರಿಗಿರಲಿಲ್ಲ. ಇಂಗ್ಲೆಂಡಿನಲ್ಲಿ 1990ರಿಂದ ಕುಡಿಯುವ ನೀರಿಗೆಂದೇ ಪ್ರತ್ಯೇಕ ತನಿಖಾಧಿಕಾರಿಗಳ ಸಂಸ್ಥೆಯಿದೆ. ಅಮೆರಿಕದಲ್ಲಿ ನೀರು ಪೂರೈಸುವವರು ಪ್ರತಿವರ್ಷ ಗುಣಮಟ್ಟದ ವರದಿಯನ್ನು ಗ್ರಾಹಕರಿಗೆ ಕೊಡಬೇಕೆಂದು 1996ರ ತಿದ್ದುಪಡಿ ವಿಧಿಸಿತು. ಅಲ್ಲಿ ನೀರಿನಲ್ಲಿ ಇ ಕೋಲಿ ಕಂಡುಬಂದಂತಹ ತುರ್ತು ಅಪಾಯವಿದ್ದರೆ 24 ತಾಸಿನೊಳಗೆ ಜನರಿಗೆ ತಿಳಿಸಬೇಕು. ಅಷ್ಟೂ ಯಂತ್ರಾಂಗವನ್ನು ನಾವು ಹೊತ್ತು ತರಬೇಕಾಗಿಲ್ಲ. ಜಿಲ್ಲಾ ಪ್ರಯೋಗಾಲಯಗಳನ್ನು ಆರೋಗ್ಯ ಇಲಾಖೆಯ ಅಧೀನಕ್ಕೆ ಕೊಟ್ಟು, ಅಯೋಗ್ಯವೆಂದು ಬಂದ ವರದಿಯನ್ನು ಅದೇ ದಿನ ಪಂಚಾಯಿತಿಯ ಅಥವಾ ವಾರ್ಡಿನ ಫಲಕದಲ್ಲಿ ಅಂಟಿಸಬೇಕೆಂದು ಬರೆದರೆ ಬಹಳ ಬದಲಾಗುತ್ತದೆ.

ದಂಡದ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. ಪಾಲಿಕೆಗೆ ಲಕ್ಷಗಟ್ಟಲೆ ದಂಡ ಹಾಕಿದರೆ ಅದು ನಾವು ಕಟ್ಟಿದ ಕರದಿಂದಲೇ ಹೋಗುತ್ತದೆ. ವ್ಯಕ್ತಿಗೆ ಶಿಕ್ಷೆಯೆಂದರೆ ಮೊದಲು ಅಮಾನತಾಗುವವನು ನೀರಗಂಟಿ ಅಥವಾ ವಾಲ್ವ್‌ಮನ್; ಬ್ಲೀಚಿಂಗ್ ಪೌಡರ್ ದಾಸ್ತಾನೇ ಇಲ್ಲದಿದ್ದರೆ ಅವನು ಏನು ಮಾಡಿಯಾನು? ಭಾರತೀಯ ನ್ಯಾಯ ಸಂಹಿತೆಯ 279ನೇ ಕಲಮು ಸಾರ್ವಜನಿಕ ನೀರನ್ನು ಬೇಕೆಂದೇ ಕೆಡಿಸಿದವನಿಗೆ ಆರು ತಿಂಗಳವರೆಗೆ ಸೆರೆವಾಸ ಹೇಳುತ್ತದೆಯಾದರೂ, ಒಡೆದ ಪೈಪನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟ ಉದಾಸೀನ ಅದರ ಹಿಡಿತಕ್ಕೆ ಸಿಗುವುದು ಕಷ್ಟ. ವರದಿ ಅಯೋಗ್ಯವೆಂದು ಬಂದ ದಿನದಿಂದ ಸರಿಯಾಗುವವರೆಗೆ ಆ ಓಣಿಗೆ ಟ್ಯಾಂಕರಿನಲ್ಲಿ ಪರೀಕ್ಷಿಸಿದ ನೀರು ಕೊಡಬೇಕು, ಆ ಅವಧಿಯ ನೀರಿನ ಬಿಲ್ಲು ಕೇಳಕೂಡದು, ಆಯುಕ್ತರು ಅಥವಾ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ತಮ್ಮ ಸಹಿಯಿಂದ ಕಾರಣ ಪ್ರಕಟಿಸಬೇಕು ಎಂದರೆ ಸಾಕು.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು: ಸುರಕ್ಷಿತ ನೀರು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1991ರ ಸುಭಾಷ್ ಕುಮಾರ್ ಪ್ರಕರಣದಿಂದಲೂ ಹೇಳುತ್ತ ಬಂದಿದೆ, ಧಾರವಾಡದಲ್ಲಿ ಹೈಕೋರ್ಟ್ ಪೀಠವೂ ಇದೆ. ಆದರೆ ಕೋರ್ಟಿಗೆ ಮೊದಲು ಕಾಗದ ಬೇಕು. ಪ್ರಯೋಗಾಲಯದಿಂದಲೇ ಕ್ರಿಮಿರಹಿತ ಬಾಟಲಿ ಪಡೆಯಿರಿ, ತೊಳೆಯಬೇಡಿ, ಅದರಲ್ಲಿರುವ ಥಯೋಸಲ್ಫೇಟ್ ಎಂಬ ರಾಸಾಯನಿಕ ಕ್ಲೋರಿನ್ನಿನ ಪರಿಣಾಮ ನಿಲ್ಲಿಸಲೆಂದೇ ಇರುತ್ತದೆ. ನೀರು ಬಂದ ಕೂಡಲೇ ಒಂದು, ತಿಳಿಯಾದ ಮೇಲೆ ಇನ್ನೊಂದು ಮಾದರಿ ಹಿಡಿದು, ಮಂಜುಗಡ್ಡೆಯಲ್ಲಿಟ್ಟು, ಆದಷ್ಟೂ ಆರು ತಾಸಿನೊಳಗೆ ತಲುಪಿಸಿ. ಜೊತೆಗೆ ನಿಮ್ಮ ವಾರ್ಡಿನ ನಳಗಳಿಂದ ಕಳೆದ ಒಂದು ವರ್ಷದಲ್ಲಿ ತೆಗೆದ ಮಾದರಿಗಳ ವರದಿಗಳನ್ನು ಮಾಹಿತಿ ಹಕ್ಕಿನಡಿ ಕೇಳಿ. ಶುದ್ಧೀಕರಣ ಘಟಕದ ವರದಿ ಬೇಡ, ನಳದ್ದೇ ಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಅಂಥ ವರದಿ ಇಲ್ಲ ಎಂಬ ಉತ್ತರ ಬಂದರೆ ಅದನ್ನೂ ಜೋಪಾನವಾಗಿಡಿ. ನಿಮ್ಮ ಶಾಸಕರಿಗೆ ಬರೆಯುವ ಪತ್ರಕ್ಕೆ ಮೊದಲ ಲಗತ್ತು ಅದೇ ಆಗಲಿ.